ಪದ ಬೇಕು: ಅಟ್ರ್ಯಾಕ್ಟರ್‌ಗೆ ‘ಆಕರ್ಷಕ’ ಎಂದರೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ.

ಸಾಗರದ ಹೈಸ್ಕೂಲ್ ಮಕ್ಕಳಿಗಾಗಿ ಎಷ್ಟು ಹಿಗ್ಗಿಸಿ ನೋಡಿದರೂ ಒಳಗೆ ಮತ್ತೆ ವಿವರ ಕಾಣುವ ಫ್ರ್ಯಾಕ್ಟಲ್ ಚಿತ್ರಗಳ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಫ್ರ್ಯಾಕ್ಟಲ್’ ಅನ್ನು ಹಾಗೇ ಇಟ್ಟುಕೊಂಡಿದ್ದೇನೆ. 1975ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಕಟ್ಟಿದ ಹೊಸ ಪದ ಅದು, ಮಕ್ಕಳಿಗೂ ಹೊಸದಾಗಿಯೇ ಸಿಗಲಿ. ನನಗೆ ಕಷ್ಟವಾಗಿರುವುದು ‘ಅಟ್ರ್ಯಾಕ್ಟರ್’.

ವಿಷಯ ಇಷ್ಟು. ಅಮೆರಿಕದ ವಿಜ್ಞಾನ ಲೇಖಕ ಕ್ಲಿಫರ್ಡ್ ಪಿಕೋವರ್ ಅವರ ಹೆಸರಿನ ಎರಡು ಸಾಲಿನ ಸೂತ್ರವೊಂದಿದೆ. ಅದರಲ್ಲಿ ಸೈನ್, ಕೊಸೈನ್ ಜೊತೆಗೆ ನಾವು ಆರಿಸಿ ಕೊಡಬೇಕಾದ ನಾಲ್ಕು ಸಂಖ್ಯೆಗಳಿವೆ. ಒಂದು ಚುಕ್ಕಿ ಕೊಟ್ಟರೆ ಮುಂದಿನ ಚುಕ್ಕಿ ಎಲ್ಲಿ ಅಂತ ಸೂತ್ರ ಹೇಳುತ್ತದೆ. ಅದನ್ನು ಮತ್ತೆ ಸೂತ್ರಕ್ಕೇ ಕೊಡಬೇಕು. ಹೀಗೆ ಲಕ್ಷಗಟ್ಟಲೆ ಸಲ. ಚುಕ್ಕಿಗಳು ಕೊನೆಗೆ ಯಾವ ಆಕಾರಕ್ಕೆ ಬಂದು ಸೇರುತ್ತವೋ ಅದೇ ಅಟ್ರ್ಯಾಕ್ಟರ್. -1.4, 1.6, 1.0, 0.7 ಕೊಟ್ಟು ನೋಡಿ, ಮಡಿಕೆ ಮಡಿಕೆಯಾಗಿ ಹರಡಿದ ಚಿತ್ರ ಬರುತ್ತದೆ. ಬೇರೆ ನಾಲ್ಕು ಕೊಟ್ಟರೆ ಎಲ್ಲವೂ ಒಂದೇ ಜಾಗಕ್ಕೆ ಹೋಗಿ ಕೂತುಬಿಡಬಹುದು. ಪರದೆಯ ಮೇಲೆ ಒಂಟಿ ಚುಕ್ಕಿ. ಗಣಿತದಲ್ಲಿ ಅದೂ ಅಟ್ರ್ಯಾಕ್ಟರೇ.

ಆ ಒಂಟಿ ಚುಕ್ಕಿ ತೋರಿಸಿ ‘ಇದು ಆಕರ್ಷಕ’ ಎಂದರೆ ಮಗು ಏನು ತಿಳಿಯಬೇಕು? ಕನ್ನಡದಲ್ಲಿ ಆಕರ್ಷಕ ಎಂದರೆ ನೋಡಲು ಚೆಂದ ಅಂತ ಅಲ್ವಾ? ಮಡಿಕೆ ಮಡಿಕೆಯಾಗಿ ಹರಡಿದಂಥ ಅಟ್ರ್ಯಾಕ್ಟರ್‌ಗೆ 1971ರಲ್ಲಿ ರುಯೆಲ್ ಮತ್ತು ಟಾಕೆನ್ಸ್ ಎಂಬ ಸಂಶೋಧಕರು ಬಳಕೆಗೆ ತಂದ ಹೆಸರು ‘ಸ್ಟ್ರೇಂಜ್ ಅಟ್ರ್ಯಾಕ್ಟರ್’ ಅನ್ನು ‘ವಿಚಿತ್ರ ಆಕರ್ಷಕ’ ಎಂದು ಬರೆದರೆ ವಾಕ್ಯ ಮುಗಿದೇ ಇಲ್ಲ ಅನ್ನಿಸುತ್ತದೆ.

ಗಣಿತದ ಅಟ್ರ್ಯಾಕ್ಟರ್ ಒಂದು, ನೋಡಲು ಚೆಂದ ಎನ್ನುವುದು ಇನ್ನೊಂದು. ಪಾಠದ ತಿರುಳೇ ಈ ಎರಡನ್ನು ಬೇರೆ ಮಾಡುವುದು. ಸಂಖ್ಯೆಗಳನ್ನು ಕಂಪ್ಯೂಟರ್ ಕೈಲಿ ಆರಿಸಿದರೆ ಸುಮಾರು ಚಿತ್ರ ಬರೀ ಚುಕ್ಕಿಗಳಾಗುತ್ತವೆ. ಅವನ್ನು ಯಂತ್ರವೇ ಸೋಸಬಲ್ಲದು. ತೀರಾ ಹತ್ತಿರದ ಎರಡು ಚುಕ್ಕಿಗಳಿಂದ ಶುರು ಮಾಡಿ, ಅವು ಹೋಗ್ತಾ ಹೋಗ್ತಾ ದೂರವಾಗುತ್ತವೆಯೇ ಅಂತ ಅಳೆಯುತ್ತದೆ. ಲಿಯಾಪುನೊವ್ ಘಾತಾಂಕ ಎನ್ನುವುದು ಈ ಅಳತೆಗೇ. ಅದು ಸೊನ್ನೆಗಿಂತ ಜಾಸ್ತಿ ಇದ್ದರೆ ಚಿತ್ರ ಉಳಿಯುತ್ತದೆ. ಆಮೇಲೆ ಪರದೆಯನ್ನು ಚೌಕಗಳಾಗಿ ಹಂಚಿ, ಎಷ್ಟು ಚೌಕಕ್ಕೆ ಚುಕ್ಕಿ ಬಿತ್ತು ಅಂತ ಎಣಿಸಿದರೆ ಬಡಕಲು ಚಿತ್ರಗಳೂ ಹೋಗುತ್ತವೆ. ಇಷ್ಟಾದ ಮೇಲೂ ಯಾವುದು ಚೆಂದ ಅಂತ ಕಣ್ಣೇ ಹೇಳಬೇಕು. ‘ಆಕರ್ಷಕ ಆಕರ್ಷಕಗಳನ್ನು ಹುಡುಕುವುದು’ ಎಂದು ನಾನು ಬರೆಯಲಾರೆ.

‘ರ್‍ಯಾಂಡಮ್’ಗೆ ನಿಘಂಟಿನ ‘ಯಾದೃಚ್ಛಿಕ’ ಮಕ್ಕಳ ಬಾಯಿಗೆ ಬರುವುದಿಲ್ಲ. ‘ಎರ್ರಾಬಿರ್ರಿ’ಯಲ್ಲಿ ಅಸಡ್ಡೆಯ ವಾಸನೆಯಿದೆ. ‘ಚೀಟಿ ಎತ್ತಿದ ಸಂಖ್ಯೆ’ ಎಂದು ಬರೆದಿದ್ದೇನೆ. ಪ್ರತಿ ಚೀಟಿಗೂ ಸಮಾನ ಅವಕಾಶ ಇರುತ್ತದೆ, ಆ ಅರ್ಥ ನನಗೆ ಬೇಕು. ಕಂಪ್ಯೂಟರ್ ಇಂಥ ಸಂಖ್ಯೆಗಳನ್ನು ಆರಿಸಲು ಶುರುವಿಗೆ ಕೊಡುವ ‘ಸೀಡ್’ಗೆ ‘ಬೀಜ’ ಸಾಕು. ಅದೇ ಬೀಜ ಕೊಟ್ಟರೆ ಅದೇ ಸಂಖ್ಯೆಗಳು ಬರುತ್ತವೆ.

ಅಟ್ರ್ಯಾಕ್ಟರ್‌ಗೆ ‘ಸುಳಿ’ ನೋಡಿದೆ. ಸುಳಿ ಒಂದೇ ಬಿಂದುವಿಗೆ ಎಳೆಯುತ್ತದೆ, ಹರಡಿದ ಆಕಾರಕ್ಕೆ ಒಗ್ಗುವುದಿಲ್ಲ. ‘ಸೆಳೆನೆಲೆ’ ಎಂದು ನಾನೇ ಕಟ್ಟಿಕೊಂಡಿದ್ದೇನೆ, ಆದರೆ ಬಳಕೆಯ ಮಾತೇ ಸಿಕ್ಕರೆ ಅದನ್ನೇ ಇಡುತ್ತೇನೆ. ಮಳೆಗಾಲದಲ್ಲಿ ಎಲ್ಲೆಲ್ಲಿಂದಲೋ ತೇಲಿ ಬಂದ ಸೊಪ್ಪು, ಕಡ್ಡಿ ಹೊಳೆಯ ಒಂದೇ ಕಡೆ ಬಂದು ಸೇರಿ, ಅಲ್ಲೇ ಓಡಾಡುತ್ತಾ ಇರುತ್ತವಲ್ಲ, ಆ ಜಾಗಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಏನನ್ನುತ್ತಾರೆ? ‘ಮಡು’ ಅಲ್ಲ, ಅದು ಆಳಕ್ಕೆ ಹೇಳುವ ಮಾತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಪದದ ಜೊತೆ ಅವರು ಆಡುವ ಒಂದು ವಾಕ್ಯವನ್ನೂ ಬರೆದು ಕಳಿಸಿ.