ಪವರ್‌ಗೆ ‘ಶಕ್ತಿ’ಯೋ, ‘ಸಾಮರ್ಥ್ಯ’ವೋ?

ಎಲ್ಲರಿಗೂ ನಮಸ್ಕಾರ.

ಶಿರಸಿ ಕಡೆಯ ಹೈಸ್ಕೂಲ್ ಮಕ್ಕಳಿಗಾಗಿ ಮನೆಯ ಕರೆಂಟಿನ ಲೆಕ್ಕದ ಬಗ್ಗೆ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ವೋಲ್ಟೇಜ್, ಕರೆಂಟ್ ಎರಡೂ ಗೊತ್ತಿದ್ದರೆ ರೆಸಿಸ್ಟೆನ್ಸ್ ಮತ್ತು ಪವರ್ ಕಂಡುಹಿಡಿಯುವ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ಲೆಕ್ಕ ಸಲೀಸು, ತೊಡಕಿರುವುದು ಪದದಲ್ಲಿ.

ರೆಸಿಸ್ಟೆನ್ಸ್‌ಗೆ ‘ರೋಧ’ವನ್ನೇ ಇಟ್ಟುಕೊಂಡಿದ್ದೇನೆ. ‘ಪ್ರತಿರೋಧ’ವೂ ಬಳಕೆಯಲ್ಲಿದೆ, ಆದರೆ ಅದು ಚಳವಳಿಯ ಸುದ್ದಿಯಲ್ಲೇ ಹೆಚ್ಚು ಕಿವಿಗೆ ಬೀಳುವ ಮಾತು. ರೋಧ ಚಿಕ್ಕದು, ರೋಧಕ, ರೋಧಶೀಲತೆ ಅದರ ಬೆನ್ನಿಗೇ ಬರುತ್ತವೆ.

ಪವರ್ ವಿಷಯ ಹಾಗಲ್ಲ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲನ್ನೇ ತೆಗೆದುಕೊಳ್ಳಿ. 230 ವೋಲ್ಟ್ ಇದ್ದಾಗ 6.5 ಆಂಪಿಯರ್ ಹರಿಯುತ್ತದೆ ಎನ್ನೋಣ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಸುಮಾರು 35.4 ಓಮ್. ಎರಡನ್ನೂ ಗುಣಿಸಿದರೆ ಪವರ್, ಹತ್ತಿರ ಹತ್ತಿರ 1500 ವಾಟ್. ಇನ್ನು ನಮ್ಮ ಮಳೆಗಾಲದ ಸಂಜೆ. “ವೋಲ್ಟೇಜೇ ಇಲ್ಲೆ ಮಾರಾಯಾ, ನೀರು ಕಾಯ್ತಿಲ್ಲೆ” ಎನ್ನುವ ಹೊತ್ತಿಗೆ ಲೈನಿನಲ್ಲಿ 180 ವೋಲ್ಟ್ ಇದ್ದರೆ? ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕರೆಂಟ್ 5.1 ಆಂಪಿಯರಿಗೆ ಇಳಿಯುತ್ತದೆ, ಪವರ್ 915 ವಾಟ್ ಆಸುಪಾಸು. ವೋಲ್ಟೇಜ್ ಐದರಲ್ಲೊಂದು ಪಾಲು ತಗ್ಗಿದ್ದಕ್ಕೆ ಪವರ್ ಐದರಲ್ಲೆರಡು ಪಾಲು ಹೋಯಿತು, ಏಕೆಂದರೆ ವೋಲ್ಟೇಜಿನ ಜೊತೆಗೆ ಕರೆಂಟೂ ಇಳಿಯಿತಲ್ಲ. ಮಕ್ಕಳಿಗೆ ಮನದಟ್ಟಾಗಬೇಕಾದದ್ದು ಇದೇ. (ಪಂಪ್‌ಸೆಟ್ಟಿನ ಮೋಟಾರಿಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ, ಅದನ್ನು ಬೇರೆ ಅಧ್ಯಾಯಕ್ಕೆ ಬಿಟ್ಟಿದ್ದೇನೆ.)

ಇದನ್ನೇ “ಹೀಟರಿನ ಸಾಮರ್ಥ್ಯ 915 ವಾಟಿಗೆ ಇಳಿಯಿತು” ಎಂದು ಬರೆದರೆ ಹೀಟರೇ ಕೆಟ್ಟಿತು ಎಂಬ ಅರ್ಥ ಬರುತ್ತದೆ. ಸಾಮರ್ಥ್ಯ ಎಂದರೆ ಮಾಡಬಲ್ಲದ್ದು, ಈ ಗಳಿಗೆಯಲ್ಲಿ ಮಾಡುತ್ತಿರುವುದಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳ ಸ್ಥಾಪಿತ ಸಾಮರ್ಥ್ಯ 880 ಮೆಗಾವಾಟ್ ಎನ್ನುವಾಗ ಆ ಪದ ಸರಿಯಾಗಿಯೇ ಕೂರುತ್ತದೆ, ಒಂದು ಘಟಕ ನಿಂತ ದಿನವೂ ಆ ಮಾತು ಸುಳ್ಳಾಗುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ 150 ಆಂಪಿಯರ್-ಅವರ್ ಸಾಮರ್ಥ್ಯ, ನೀರಿನ ಟ್ಯಾಂಕಿಗೆ ಸಾವಿರ ಲೀಟರ್ ಸಾಮರ್ಥ್ಯ ಎಂದೂ ಹೇಳುತ್ತೇವೆ. ಒಂದೇ ಪದ ಎಷ್ಟು ಕಡೆ ದುಡಿಯಬೇಕು!

‘ಶಕ್ತಿ’ ಎನ್ನೋಣವೆಂದರೆ ಅದು ಎನರ್ಜಿಗೆ ಮೀಸಲು. ಅದೇ 1500 ವಾಟ್ ಹೀಟರ್ ಎರಡು ತಾಸು ಉರಿದರೆ 3 ಯೂನಿಟ್. ಬಿಲ್ಲಿನಲ್ಲಿ ಬರುವ ಆ ಯೂನಿಟ್ಟೇ ಶಕ್ತಿ. ವಾಟಿಗೂ ಯೂನಿಟ್ಟಿಗೂ ಶಕ್ತಿ ಎಂದರೆ ಇಡೀ ಅಧ್ಯಾಯ ಕಲಸಿಹೋಗುತ್ತದೆ. ಗೆಳೆಯರೊಬ್ಬರು ‘ಶಕ್ತಿದರ’ ಎಂದು ಸೂಚಿಸಿದರು. ಶಕ್ತಿ ಬಳಕೆಯಾಗುವ ವೇಗವೇ ಪವರ್ ಆದ್ದರಿಂದ ವ್ಯಾಖ್ಯೆಗೆ ಸರಿ, ಆದರೆ ವಿದ್ಯುತ್ತಿನ ಪಕ್ಕ ‘ದರ’ ಕಂಡೊಡನೆ ಯೂನಿಟ್ಟಿಗೆ ಎಷ್ಟು ರೂಪಾಯಿ ಎಂಬುದೇ ನೆನಪಾಗುತ್ತದೆ.

ಸದ್ಯಕ್ಕೆ ಉಪಕರಣದ ಮೇಲೆ ಅಚ್ಚಾದ ವಾಟಿಗೆ ಮಾತ್ರ ‘ಸಾಮರ್ಥ್ಯ’, ಲೆಕ್ಕ ಹಾಕಿ ತೆಗೆದದ್ದಕ್ಕೆ ‘ಪವರ್’ ಎಂದು ಬರೆಯುತ್ತಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಮೋಟಾರ್ ವೈಂಡಿಂಗ್ ಮಾಡುವವರು, ಲೈನ್‌ಮನ್‌ಗಳು ಇದಕ್ಕೆ ಬೇರೇನಾದರೂ ಹೇಳುವುದುಂಟೇ? ವಿಜ್ಞಾನದ ಶಿಕ್ಷಕರಲ್ಲಿ ಇನ್ನೊಂದು ಪ್ರಶ್ನೆ: ಕನ್ನಡ ಮಾಧ್ಯಮದ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ‘ಪವರ್’ ಎಂದೇ ಬರೆದರೆ ನೀವು ಪೂರ್ತಿ ಅಂಕ ಕೊಡುತ್ತೀರಾ?