ಗುರಿ ಬರೆದಿಟ್ಟರೂ ಮೂರನೇ ವಾರಕ್ಕೆ ಕೈಬಿಟ್ಟು ಹೋಗುವುದೇಕೆ?

ಪ್ರಶ್ನೆ

ಬದುಕಿಗೊಂದು ಗುರಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. "ಹೆಚ್ಚು ಓದಬೇಕು, ಹೊಸ ಭಾಷೆ ಕಲಿಯಬೇಕು, ತೂಕ ಇಳಿಸಬೇಕು, ಹಣ ಉಳಿಸಬೇಕು" ಎಂದು ಡೈರಿಯಲ್ಲಿ ಬರೆಯುವುದೂ ಆಗುತ್ತದೆ. ಮೊದಲ ವಾರ ಹುರುಪು, ಮೂರನೇ ವಾರಕ್ಕೆ ಡೈರಿ ತೆರೆಯುವುದೇ ಇಲ್ಲ. ಗುರಿಯಿಂದ ನಿಜಕ್ಕೂ ಉಪಯೋಗ ಇದೆಯಾ? ಇದ್ದರೆ ಹೇಗೆ ಬರೆಯಬೇಕು, ಒಟ್ಟಿಗೆ ಎಷ್ಟು ಇಟ್ಟುಕೊಳ್ಳಬಹುದು?

ಉತ್ತರ 1

ಖಂಡಿತ ಇದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. "ಕೈಲಾದಷ್ಟು ಮಾಡಿ" ಎಂದಾಗ ಆಗುವುದಕ್ಕಿಂತ, ನಿಖರವಾದ, ತುಸು ಕಷ್ಟದ ಗುರಿ ಕೊಟ್ಟಾಗ ಹೆಚ್ಚು ಕೆಲಸ ಆಗುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂತು. ಅಳತೆಯೇ ಇಲ್ಲದಿದ್ದರೆ ಎಲ್ಲಿ ನಿಲ್ಲಿಸಿದರೂ ಕೈಲಾದಷ್ಟು ಮಾಡಿದಂತೆಯೇ ಲೆಕ್ಕ.

ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಆ ಅಳತೆ. "ಹೆಚ್ಚು ಓದಬೇಕು" ಅನ್ನುವುದನ್ನು "12 ವಾರದಲ್ಲಿ 250 ಪುಟಗಳ ಮೂರು ಪುಸ್ತಕ" ಎಂದು ಬರೆಯಿರಿ. ವಾರಕ್ಕೆ ಐದೇ ದಿನ ಹಿಡಿದರೆ 60 ದಿನ, ದಿನಕ್ಕೆ 12–13 ಪುಟ. ಪುಟಕ್ಕೆ ಎರಡು ನಿಮಿಷವಾದರೆ ಸುಮಾರು 25 ನಿಮಿಷ. ಆ 25 ನಿಮಿಷ ನಿಮ್ಮ ದಿನದಲ್ಲಿ ಎಲ್ಲಿದೆ ಎಂದು ತೋರಿಸಲಾಗದಿದ್ದರೆ ಗುರಿಯನ್ನು ಈಗಲೇ ಇಳಿಸಿ. ಉಳಿದ ಎರಡು ದಿನ ತುಂಬಬೇಡಿ. ಏಳೂ ದಿನ ಭರ್ತಿ ಮಾಡಿದ ಯೋಜನೆ ಒಂದು ಜ್ವರ ಬಂದರೂ ಕುಸಿಯುತ್ತದೆ.

ಉತ್ತರ 2

ಅಳತೆಯ ಜೊತೆಗೆ ಹೊತ್ತು, ಜಾಗವೂ ಬೇಕು. "ಸಮಯ ಸಿಕ್ಕಾಗ" ಎಂದು ಬಿಟ್ಟರೆ ಪ್ರತಿದಿನ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ; ದಣಿದ ಸಂಜೆಯಲ್ಲಿ ಆ ತೀರ್ಮಾನ ಯಾವಾಗಲೂ "ನಾಳೆ" ಎಂದೇ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟ ದಾರಿ "ಹೀಗಾದರೆ ಹೀಗೆ" ಎಂಬ ವಾಕ್ಯ: "ರಾತ್ರಿ ಹಲ್ಲುಜ್ಜಿದ ಕೂಡಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆಯುತ್ತೇನೆ." ಅಡ್ಡಿಗೂ ಇಂಥದ್ದೊಂದು ವಾಕ್ಯ ಇರಲಿ: "ಮನೆಗೆ ಬರುವುದು ತಡವಾದರೆ ಎರಡೇ ಪುಟ." ಬಹಳ ಜನ ಬಿಡುವುದು ಈ ಎರಡನೆಯದನ್ನು, ಯೋಜನೆ ಮುರಿಯುವುದೂ ಅಲ್ಲೇ.

21 ದಿನಕ್ಕೆ ಅಭ್ಯಾಸ ಬೇರೂರುತ್ತದೆ ಎಂಬ ಮಾತನ್ನು ಮರೆತುಬಿಡಿ. ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ ಸಿಕ್ಕ ಮಧ್ಯದ ಅಂಕಿ 66 ದಿನ. ವ್ಯಾಪ್ತಿ 18ರಿಂದ 254ರವರೆಗೆ. ಮೂರನೇ ವಾರದಲ್ಲಿ ಕಷ್ಟ ಅನ್ನಿಸಿದರೆ ಅದು ನಿಮ್ಮ ದೌರ್ಬಲ್ಯವಲ್ಲ, ಇನ್ನೂ ಅರ್ಧ ದಾರಿಯೂ ಆಗಿಲ್ಲ ಅಷ್ಟೇ. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ.

ಉತ್ತರ 3

ಉತ್ತರ 1ಕ್ಕೆ ಒಂದು ತಿದ್ದುಪಡಿ. ಎಲ್ಲದಕ್ಕೂ ಅಂಕಿ ಹೊಂದುವುದಿಲ್ಲ. ಕೆಲಸ ಇನ್ನೂ ಬಾರದಿರುವಾಗ ಫಲಿತಾಂಶದ ಗುರಿ ತೊಂದರೆ ಕೊಡುತ್ತದೆ, ಏಕೆಂದರೆ ಗಮನವೆಲ್ಲ ಅಂಕಿಯ ಮೇಲೆ ಹೋಗಿ ಕಲಿಕೆ ಹಿಂದೆ ಬೀಳುತ್ತದೆ. ಇದನ್ನು ಲೇಥಮ್ ಕೂಡ ಮುಂದೆ ಒಪ್ಪಿದ್ದಾರೆ. ವಾದ್ಯ ಕಲಿಯುವವರಿಗೆ "ಮೂರು ತಿಂಗಳಲ್ಲಿ ಹತ್ತು ಹಾಡು" ಎಂಬುದಕ್ಕಿಂತ "ತಾಳ ತಪ್ಪುವ ಜಾಗ ಗುರುತಿಸಿ, ಅದಷ್ಟನ್ನೇ ನಿಧಾನ ಲಯದಲ್ಲಿ ಸರಿಮಾಡುವುದು" ಒಳ್ಳೆಯ ಗುರಿ. ತೂಕದ ವಿಷಯವೂ ಬೇರೆಯೇ. ತಕ್ಕಡಿಯ ಮುಳ್ಳು ನಿಮ್ಮ ಮಾತು ಕೇಳುವುದಿಲ್ಲ; 40 ನಿಮಿಷದ ನಡಿಗೆ ನಿಮ್ಮ ಕೈಯಲ್ಲಿದೆ. ಬರೆಯಬೇಕಾದದ್ದು ನಡಿಗೆಯನ್ನು.

ಎಷ್ಟು ಗುರಿ ಅಂತ ಕೇಳಿದ್ದೀರಿ. ಹೊಸ ಅಭ್ಯಾಸ ಬೇಡುವಂಥದ್ದು ಒಂದೇ ಇರಲಿ. ಹಣ ಉಳಿಸುವುದನ್ನು ಬ್ಯಾಂಕಿನ ಸ್ವಯಂಚಾಲಿತ ವರ್ಗಾವಣೆಗೆ ಬಿಟ್ಟರೆ ಅದು ಸಮಯ ಕೇಳುವುದಿಲ್ಲ, ಜೊತೆಗೆ ಇಟ್ಟುಕೊಳ್ಳಬಹುದು. ಓದು ಮತ್ತು ಭಾಷೆ ಒಂದೇ ಸಂಜೆಗಾಗಿ ಕಿತ್ತಾಡುತ್ತವೆ. ಒಂದನ್ನು ಮುಂದಿನ 12 ವಾರಕ್ಕೆ ಸರಿಸಿ.

ಅಂದಹಾಗೆ, 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟ 3% ವಿದ್ಯಾರ್ಥಿಗಳೇ ಮುಂದೆ ಉಳಿದೆಲ್ಲರಿಗಿಂತ ಶ್ರೀಮಂತರಾದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಅಧ್ಯಯನ ನಡೆದೇ ಇಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ. ಹಾದಿ ತಪ್ಪಿದೆ ಎಂದು ಯಾವಾಗ ನಿರ್ಧರಿಸುವುದು?

ಉತ್ತರ 1

ವಾರಕ್ಕೊಮ್ಮೆ, ಒಂದೇ ದಿನ, ಹತ್ತು ನಿಮಿಷ. ಐದರಲ್ಲಿ ಎಷ್ಟು ದಿನ ಆಯಿತು, ತಪ್ಪಿದ ದಿನ ಏನು ಅಡ್ಡ ಬಂತು, ಇಷ್ಟು ಬರೆದರೆ ಸಾಕು. ಸತತ ಎರಡು ವಾರ ಮೂರಕ್ಕಿಂತ ಕಡಿಮೆಯಾದರೆ ಮೊದಲು ಹೊತ್ತು ಬದಲಿಸಿ. ಆಮೇಲೂ ಆಗದಿದ್ದರೆ ಪ್ರಮಾಣ ಅರ್ಧ ಮಾಡಿ. ಗಡುವು ಮುಂದೂಡುವುದು ಕೊನೆಯ ಉಪಾಯವಾಗಿರಲಿ, ಒಮ್ಮೆ ಮುಂದೂಡಿದ ಗಡುವನ್ನು ಮನಸ್ಸು ಆಮೇಲೆ ಲೆಕ್ಕಕ್ಕೇ ಇಡುವುದಿಲ್ಲ.