ಹಳೇ ವಾಲೆಟ್ ತೆರೆದರೆ ‘ಅಪ್‌ಡೇಟ್ ಮಾಡಿ’ ಅಂತಿದೆ. ನಿಮ್ಮ ಅನುಭವ ಹೇಳಿ

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. 2018ರ ಶುರುವಿನಲ್ಲಿ ಒಂದು ಡೆಸ್ಕ್‌ಟಾಪ್ ವಾಲೆಟ್‌ನಲ್ಲಿ 0.61 ಬಿಟ್‌ಕಾಯಿನ್ ಇಟ್ಟು ಸುಮ್ಮನಾಗಿದ್ದೆ. ಆ ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತೆ, ವಾಲೆಟ್ ಮರಳಿ ಪಡೆಯುವ 12 ಗುಟ್ಟು ಪದ, ಅಂದರೆ ಸೀಡ್, ಬರೆದ ಚೀಟಿಯೂ ಇದೆ. ಮೊನ್ನೆ ತೆರೆದು ಸ್ವಲ್ಪ ಕಳಿಸಿ ನೋಡೋಣ ಅಂತ ಹೋದರೆ ‘ಈ ಆವೃತ್ತಿಯಲ್ಲಿ ಭದ್ರತಾ ದೋಷವಿದೆ, ಈ ಲಿಂಕ್‌ನಿಂದ ಹೊಸದನ್ನು ಹಾಕಿಕೊಳ್ಳಿ’ ಅಂತ ಸಂದೇಶ ಬಂತು. ಲಿಂಕ್ ಒತ್ತಿಲ್ಲ. ಗುಟ್ಟಿನ ಕೀಲಿಯನ್ನು ಕಂಪ್ಯೂಟರ್‌ನಿಂದ ಬೇರೆಯಾಗಿ ಇಡುವ ಪುಟ್ಟ ಡಿವೈಸ್, ಅಂದರೆ ಹಾರ್ಡ್‌ವೇರ್ ವಾಲೆಟ್‌ಗೆ ಹೋಗೋಣ ಅಂತಿದ್ದೇನೆ. ಯಾವುದು ತಗೊಳ್ಳಲಿ? ಡೌನ್‌ಲೋಡ್ ಮಾಡಿದ್ದು ಅಸಲಿಯೋ ನಕಲಿಯೋ ಅಂತ ನೀವೆಲ್ಲ ಹೇಗೆ ನೋಡ್ತೀರಿ? ಪಟ್ಟ ಪಾಡು ಹೇಳಿದರೂ ಸರಿ.

ಸುಟ್ಟಬೆರಳು:
ಒತ್ತಿಲ್ಲ ಅಂದ್ರಲ್ಲ, ದೇವರು ದೊಡ್ಡವನು. ನಾನು ಒತ್ತಿದವನು.

ನನ್ನ ಹತ್ತಿರ ಹಾರ್ಡ್‌ವೇರ್ ವಾಲೆಟ್ ಇತ್ತು. 24 ಪದ ಕಾರ್ಡಿನ ಮೇಲೆ ಬರೆದು ಬೀರುವಿನಲ್ಲಿಟ್ಟಿದ್ದೆ. ಹೊಸ ಕಂಪ್ಯೂಟರ್ ತಗೊಂಡಾಗ ಅದರ ಆಪ್ ಮತ್ತೆ ಹಾಕಬೇಕಾಯಿತು. ಹೆಸರು ಹೊಡೆದು ಹುಡುಕಿದೆ, ಎಲ್ಲಕ್ಕಿಂತ ಮೇಲೆ ಬಂದ ಸಾಲನ್ನೇ ಒತ್ತಿದೆ. ಅದು ಯಾರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಸೈಟ್ ಥೇಟ್ ಅಸಲಿಯದೇ. ವಿಳಾಸದಲ್ಲಿ ಒಂದು ಅಕ್ಷರದ ಕೆಳಗೆ ಮಾತ್ರ ಸಾಸಿವೆಗಿಂತ ಸಣ್ಣ ಚುಕ್ಕೆ. ಪರದೆ ಮೇಲೆ ಧೂಳು ಕೂತಿದೆ ಅಂದುಕೊಂಡು ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ, ಮುಂದಕ್ಕೆ ಹೋದೆ. ಬೇರೆ ಭಾಷೆಗಳಲ್ಲಿ ಬಳಸುವ, ನೋಡೋಕೆ ಹಾಗೇ ಇರುವ ಅಕ್ಷರ ಅದು. ಆ ಚುಕ್ಕೆ ಈಗಲೂ ಕಣ್ಣ ಮುಂದೆ ಬರುತ್ತೆ.

ಆಪ್ ತೆರೆದ ಕೂಡಲೇ ‘ಡಿವೈಸ್ ಸಿಂಕ್ ಆಗುತ್ತಿಲ್ಲ, ಪದಗಳನ್ನು ನಮೂದಿಸಿ’ ಅಂತು. ಹಾಕಿದೆ. 17ನೇ ಪದ ತಪ್ಪು ಅಂತು. ಮತ್ತೆ ಹಾಕಿದೆ. ಹೀಗೆ ಮೂರು ಸಲ. ನಾನು ಸರಿಯಾದ ಪದವನ್ನೇ ಕೊಡ್ತಿದ್ದೀನಾ ಅಂತ ಅವರು ಖಾತ್ರಿ ಮಾಡಿಕೊಳ್ತಿದ್ದರು. ರಾತ್ರಿ 9.42ಕ್ಕೆ 0.35 ಹೋಯಿತು, 9.53ಕ್ಕೆ 0.0627. ಒಟ್ಟು 0.4127. ವಹಿವಾಟು ಬೇಗ ದಾಖಲಾಗಲಿ ಅಂತ ಕಳ್ಳ ದುಬಾರಿ ಫೀಸು ಹಾಕಿದ್ದ, ಅದನ್ನೂ ನನ್ನ ದುಡ್ಡಿನಲ್ಲೇ ಕಟ್ಟಿದ್ದ.

ಆಮೇಲೆ ‘ವಾಪಸ್ ತರಿಸಿಕೊಡ್ತೀವಿ’ ಅನ್ನುವವರು ಬಂದರು. ಮೊದಲು 0.02 ಕೇಳಿದರು, ಕೊಟ್ಟೆ. ‘ವಾಲೆಟ್ ಫ್ರೀಜ್ ಆಗಿದೆ, ಬಿಡಿಸೋ ಖರ್ಚು’ ಅಂತ ಇನ್ನೂ 0.011, ಅದನ್ನೂ ಕೊಟ್ಟೆ. ಹೆಂಡತಿಗೆ ಮೊದಲನೇದು ಹೇಳಿದ್ದೆ, ಎರಡನೇದು ಇವತ್ತಿಗೂ ಹೇಳಿಲ್ಲ. ಆ ಪದಗಳನ್ನು ಡಿವೈಸ್ ಬಿಟ್ಟು ಬೇರೆಲ್ಲೂ ಟೈಪ್ ಮಾಡಬೇಡಿ. ಕಂಪನಿಯವರು ಫೋನ್ ಮಾಡಿದರೂ ಹೇಳಬೇಡಿ.

ಗಟ್ಟಿಚಿಪ್:
ಜಾಹೀರಾತು ಒತ್ತಿದ್ದು ನಿಮ್ಮ ತಪ್ಪು. ಅಧಿಕೃತ ಆಪ್ ಸ್ಟೋರ್‌ನಿಂದ ತಗೊಂಡಿದ್ದರೆ ಇದು ಆಗ್ತಿರಲಿಲ್ಲ.

ಸುಟ್ಟಬೆರಳು:
ಆಗ್ತಿರಲಿಲ್ವಾ? 2021ರಲ್ಲಿ ಆಪಲ್ ಸ್ಟೋರ್‌ನಲ್ಲೇ ಟ್ರೆಜರ್ ಅನ್ನೋ ಹಾರ್ಡ್‌ವೇರ್ ವಾಲೆಟ್ ಹೆಸರಿನ ನಕಲಿ ಆಪ್ ಇತ್ತು, ಒಬ್ಬನೇ ಮನುಷ್ಯ 17.1 ಬಿಟ್‌ಕಾಯಿನ್ ಕಳಕೊಂಡ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇನ್ನೊಂದು ಹಾರ್ಡ್‌ವೇರ್ ವಾಲೆಟ್ ಕಂಪನಿ ಲೆಡ್ಜರ್‌ನ ಆಪ್ ‘ಲೆಡ್ಜರ್ ಲೈವ್’ನ ನಕಲಿ ಸಿಕ್ಕಿತು, ಅದರಲ್ಲಿ ಸುಮಾರು 16.8 ಹೋಯಿತು. ಇವರೆಲ್ಲ ನೀವು ಹೇಳಿದ ಹಾಗೇ ಸ್ಟೋರ್‌ಗೆ ಹೋದವರು. ಕಳಕೊಂಡವನಿಗೆ ‘ನಿನ್ನ ತಪ್ಪು’ ಅನ್ನೋದು ಬಹಳ ಸುಲಭ ಸರ್.

ತಾಳೆನೋಡು:
ಹಳೇಪೆಟ್ಟಿಗೆ ಅವರೇ, ನಿಮ್ಮ ವಾಲೆಟ್ ಯಾವುದು ಅಂತ ಬರೆದಿಲ್ಲ. ಆದರೆ ಈ ವೇಷ ನಾನು ನೋಡಿದ್ದೇನೆ. 2018ರ ಡಿಸೆಂಬರ್‌ನಲ್ಲಿ ಎಲೆಕ್ಟ್ರಮ್ ಅನ್ನೋ ವಾಲೆಟ್ ಬಳಸುತ್ತಿದ್ದವರಿಗೆ ಇದೇ ಆಗಿತ್ತು. ಅದರ ಸರ್ವರ್ ಯಾರು ಬೇಕಾದರೂ ನಡೆಸಬಹುದು. ನಿಮ್ಮ ವಾಲೆಟ್ ಕಳ್ಳರ ಸರ್ವರ್‌ಗೆ ತಗುಲಿಕೊಂಡರೆ, ದುಡ್ಡು ಕಳಿಸುವ ಹೊತ್ತಿಗೆ ಸರ್ವರ್ ಬರೆದು ಕಳಿಸಿದ ‘ದೋಷ ಸಂದೇಶ’ವನ್ನು ಹಳೇ ಆವೃತ್ತಿ ಲಿಂಕ್ ಸಮೇತ ಹಾಗೇ ತೋರಿಸುತ್ತಿತ್ತು. ವಾಲೆಟ್ಟೇ ಹೇಳ್ತಿದೆ ಅಂತ ಜನ ನಂಬಿದರು. ಅಪ್‌ಡೇಟ್ ನಿಜಕ್ಕೂ ಬೇಕು, ಆದರೆ ಆ ಲಿಂಕ್‌ನಿಂದ ಅಲ್ಲ.

ನಾನು ಅವತ್ತಿನಿಂದ ಸಹಿ ನೋಡದೆ ಏನನ್ನೂ ಹಾಕುವುದಿಲ್ಲ. ಎಷ್ಟೋ ಜನ ಹ್ಯಾಶ್, ಅಂದರೆ ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಅಂಕಿ, ತಾಳೆ ನೋಡಿ ಮುಗೀತು ಅಂತಾರೆ. ಫೈಲ್ ಇಟ್ಟ ಪುಟದಲ್ಲೇ ಹ್ಯಾಶ್ ಕೂಡ ಇದ್ದರೆ ಕಳ್ಳ ಎರಡನ್ನೂ ಬದಲಿಸಿರ್ತಾನೆ, ಅವು ತಾಳೆ ಆಗೇ ಆಗುತ್ತವೆ. ನೋಡಬೇಕಾದ್ದು ಡೆವಲಪರ್ ತನ್ನ ಕೀಲಿಯಿಂದ ಫೈಲ್‌ಗೆ ಹಾಕಿದ ಡಿಜಿಟಲ್ ಸಹಿ, ಅಂದರೆ ಪಿಜಿಪಿ ಸಹಿ. ಆ ಕೀಲಿಯ ಬೆರಳಚ್ಚನ್ನು, ಅಂದರೆ ಅದನ್ನು ಗುರುತಿಸುವ ಚಿಕ್ಕ ಸಂಕೇತವನ್ನು, ಎರಡು ಮೂರು ಬೇರೆ ಬೇರೆ ಮೂಲದಿಂದ ಮೊದಲೇ ಬರೆದಿಟ್ಟುಕೊಂಡಿರಬೇಕು. ನನ್ನದು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿದೆ, 40 ಅಕ್ಷರ, ನಾಲ್ಕು ನಾಲ್ಕರ ಹತ್ತು ಗುಂಪು. ಪ್ರತಿ ಸಲ ಬೆರಳಿಟ್ಟು ಓದುತ್ತೇನೆ. ‘ಈ ಕೀಲಿಯನ್ನು ನೀವು ದೃಢೀಕರಿಸಿಲ್ಲ’ ಅಂತ ಎಚ್ಚರಿಕೆ ಬರುತ್ತೆ, ಬೆರಳಚ್ಚು ಹೊಂದಿದ್ದರೆ ಅದಕ್ಕೆ ಹೆದರಬೇಕಿಲ್ಲ. ಸಹಿ ‘ಕೆಟ್ಟಿದೆ’ ಅಂತ ಬಂದರೆ ಫೈಲ್ ಅಳಿಸಿ.

ಇನ್ನೊಂದು ವಿಷಯದಲ್ಲಿ ನನ್ನ ಎರಡು ದಿನ ಹಾಳಾಗಿತ್ತು. ಎಲೆಕ್ಟ್ರಮ್ ಹುಟ್ಟಿಸಿದ 12 ಪದ ಹಾರ್ಡ್‌ವೇರ್ ವಾಲೆಟ್‌ಗಳ ಬಿಪ್39 ಪದ್ಧತಿಯದಲ್ಲ. ಡಿವೈಸ್‌ಗೆ ಹಾಕಿದರೆ ‘ಅಮಾನ್ಯ’ ಅಂತ ತಿರಸ್ಕರಿಸಿತು. ಬರೆದಿದ್ದೇ ತಪ್ಪಿರಬೇಕು ಅಂತ ಎರಡು ರಾತ್ರಿ ನಿದ್ದೆ ಬಿಟ್ಟೆ. ಪದ ಸರಿಯಾಗೇ ಇತ್ತು, ಪದ್ಧತಿ ಬೇರೆ, ಅಷ್ಟೇ. ಹಳೇ ಪದಗಳನ್ನು ಹೊಸ ಡಿವೈಸ್‌ಗೆ ತುರುಕುವ ಕೆಲಸವೇ ಬೇಡ. ಡಿವೈಸ್‌ನಲ್ಲಿ ಹೊಸ ಸೀಡ್ ಹುಟ್ಟಿಸಿ, ಅದರ ಅಡ್ರೆಸ್‌ಗೆ ಕಳಿಸಿ.

ಗಟ್ಟಿಚಿಪ್:
ಯಾವ ಡಿವೈಸ್ ಅಂತ ಯಾರೂ ಹೇಳ್ತಿಲ್ಲ, ನಾನು ಹೇಳ್ತೀನಿ. ಸೀಡ್ ಕದಿಯದಂತೆ ಕಾಯುವ ಸೆಕ್ಯೂರ್ ಚಿಪ್ ಇರೋದೇ ಬೇಕು. 2020ರ ಜನವರಿಯಲ್ಲಿ ಕ್ರಿಪ್ಟೋ ಕಂಪನಿ ಕ್ರಾಕನ್‌ನ ಭದ್ರತಾ ಲ್ಯಾಬ್‌ನವರು ಟ್ರೆಜರ್‌ನ ಒನ್ ಮತ್ತು ಮಾಡೆಲ್ ಟಿ ಎರಡರಿಂದಲೂ ಸೀಡ್ ತೆಗೆದು ತೋರಿಸಿದರು. ಡಿವೈಸ್ ಕೈಗೆ ಸಿಕ್ಕರೆ ಸುಮಾರು 15 ನಿಮಿಷ ಸಾಕಂತೆ. ನನ್ನ ಬ್ಯಾಗ್ ಒಮ್ಮೆ ಕಳುವಾಯಿತು, ಡಿವೈಸ್ ಅದರಲ್ಲೇ ಇತ್ತು. ಬ್ಯಾಕಪ್‌ನಿಂದ ಹೊಸದಕ್ಕೆ ಎಲ್ಲ ಸಾಗಿಸಲು ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ಚಿಪ್ ತಡೆದು ನಿಂತಿತು. ಒಂದು ಸಟೋಶಿ, ಅಂದರೆ ಬಿಟ್‌ಕಾಯಿನ್‌ನ ಅತಿ ಸಣ್ಣ ಚೂರೂ, ಅಲುಗಲಿಲ್ಲ.

ತೆರೆದಕೋಡ್:
ಅಥವಾ ಬ್ಯಾಗ್ ಕದ್ದವನಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ಅದನ್ನು ಚಿಪ್‌ನ ಪ್ರತಾಪ ಅನ್ನಬೇಡಿ. 15 ನಿಮಿಷದ ಆ ದಾಳಿ ನಡೆಯೋದು ಪಾಸ್‌ಫ್ರೇಸ್, ಅಂದರೆ ಸೀಡ್ ಜೊತೆ ನಾವೇ ಆರಿಸಿ ಸೇರಿಸುವ ಇನ್ನೊಂದು ಗುಟ್ಟು ಪದ, ಇಲ್ಲದವರ ಮೇಲೆ, ಅದನ್ನೂ ಹೇಳಿ.

ನಾನು ಒಳಗಿನ ಕೋಡ್ ಪೂರ್ತಿ ತೋರಿಸದ ಡಿವೈಸ್ ಬಿಟ್ಟು ಬಂದವನು. 2020ರಲ್ಲಿ ಲೆಡ್ಜರ್‌ನ ಗ್ರಾಹಕರ ಪಟ್ಟಿ ಸೋರಿದಾಗ ಸುಮಾರು 2,72,000 ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಹೊರಗೆ ಬಂತು. ಮರುವರ್ಷ ಅವರಲ್ಲಿ ಕೆಲವರಿಗೆ ಅಂಚೆಯಲ್ಲಿ ನಕಲಿ ಡಿವೈಸ್‌ಗಳೇ ಬಂದವು, ‘ನಿಮ್ಮದು ಬದಲಿಸಿ’ ಅನ್ನೋ ಪತ್ರದ ಸಮೇತ. 2023ರ ಮೇನಲ್ಲಿ ಅದೇ ಕಂಪನಿ ಸೀಡ್ ಅನ್ನು ಮೂರು ಚೂರು ಮಾಡಿ ಮೂರು ಕಂಪನಿಗಳ ಹತ್ತಿರ ಇಡುವ ಸೇವೆ ಘೋಷಿಸಿತು. ಸೀಡ್ ಚಿಪ್‌ನಿಂದ ಹೊರಗೆ ಬರೋದೇ ಇಲ್ಲ ಅಂತ ನಂಬಿ ಕೂತಿದ್ದವರಿಗೆ ಅವತ್ತು ಹೇಗಾಗಿರಬೇಕು? ನಾನು ಆ ರಾತ್ರಿಯೇ ಎಲ್ಲ ಸಾಗಿಸಿದೆ. ಸಣ್ಣ ಸಣ್ಣ 63 ಮೊತ್ತಗಳು ಕೂಡಿಬಿದ್ದಿದ್ದವು, ಒಟ್ಟಿಗೆ ಸಾಗಿಸಲು ಫೀಸೇ 3,90,000 ಸಟೋಶಿ ಮೀರಿತು. ಎರಡು ವಾರ ಕಾದಿದ್ದರೆ ಅರ್ಧದಲ್ಲಿ ಮುಗೀತಿತ್ತು. ಕಾಯೋಕೆ ಮನಸ್ಸು ಒಪ್ಪಲಿಲ್ಲ.

ಗಟ್ಟಿಚಿಪ್:
ಆ ಸೇವೆ ಬೇಕಾದವರು ಮಾತ್ರ ತಗೊಳ್ಳೋದು. ನಾನು ತಗೊಂಡಿಲ್ಲ. ಮತ್ತೆ ನಿಮ್ಮ ಟ್ರೆಜರ್ ಕೂಡ 2023ರ ಸೇಫ್ 3 ಮಾಡೆಲ್‌ನಿಂದ ಸೆಕ್ಯೂರ್ ಚಿಪ್ ಹಾಕ್ತಿದೆಯಲ್ಲ? ಬೇಡವಾಗಿದ್ದರೆ ಯಾಕೆ ಹಾಕಿದರು?

ತೆರೆದಕೋಡ್:
ಚಿಪ್ ಬೇಡ ಅಂತ ನಾನೆಲ್ಲಿ ಹೇಳಿದೆ? ಕೋಡ್ ತೋರಿಸಿ ಅಂದೆ. ಪೂರ್ತಿ ಓದಿ ಬರೆಯಿರಿ.

ಇಪ್ಪತ್ತೈದನೇಪದ:
ಪಾಸ್‌ಫ್ರೇಸ್ ಹಾಕಿ ಅಂತ ಸಲೀಸಾಗಿ ಹೇಳ್ತಿರೋರು ನನ್ನದೂ ಕೇಳಿ. ನಾನು ಹಾಕಿದೆ. 24 ಪದ ಲೋಹದ ತಗಡಿನಲ್ಲಿ ಸುತ್ತಿಗೆಯಿಂದ ಒಂದೊಂದೇ ಅಕ್ಷರ ಕುಟ್ಟಿದ್ದೇನೆ. ಪ್ರತಿ ಪದದ ಮೊದಲ ನಾಲ್ಕಕ್ಷರ ಸಾಕು, ಸೀಡ್ ಪದ ಆರಿಸುವ 2048 ಪದಗಳ ಪಟ್ಟಿಯಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕಕ್ಷರ ಒಂದೇ ಇಲ್ಲ. ಎಡಗೈ ಹೆಬ್ಬೆರಳಿನ ಉಗುರು ಒಡೆದುಕೊಂಡು ಕುಟ್ಟಿದ ಆ ತಗಡು ಇವತ್ತಿಗೂ ಭದ್ರವಾಗಿದೆ. ಪಾಸ್‌ಫ್ರೇಸ್ ಮಾತ್ರ ತಲೆಯಲ್ಲೇ ಇಟ್ಟಿದ್ದೆ. ಎರಡು ವರ್ಷ ಬಿಟ್ಟು ಹಾಕಿದರೆ ವಾಲೆಟ್ ತೆರೀತು, ಖಾಲಿ. ತಪ್ಪು ಪಾಸ್‌ಫ್ರೇಸ್ ಹಾಕಿದರೆ ‘ತಪ್ಪು’ ಅಂತ ಅದು ಹೇಳೋದೇ ಇಲ್ಲ, ಇನ್ನೊಂದು ಖಾಲಿ ವಾಲೆಟ್ ತೆರೆದು ಕೂರಿಸುತ್ತೆ. ದೊಡ್ಡಕ್ಷರ ಸಣ್ಣಕ್ಷರ, ಮಧ್ಯೆ ಗೆರೆ, ಕೊನೆಯಲ್ಲಿ ಒಂದು ಖಾಲಿ ಜಾಗ, ಎಲ್ಲ ಜೋಡಿಸಿ ಒಂಬತ್ತು ತಿಂಗಳಲ್ಲಿ 4,300 ಸಲ ನೋಡಿದ್ದೇನೆ. ನೋಡಿದ್ದನ್ನೆಲ್ಲ ಬರೆದಿಟ್ಟ ಪುಸ್ತಕ ಎರಡಾಗಿದೆ. ಕಳ್ಳ ಬರಲಿಲ್ಲ, ನನ್ನ ದುಡ್ಡಿಗೆ ನಾನೇ ಕಳ್ಳನಾದೆ. ಈಗ ಹೊಸದಾಗಿ ಕೊಂಡದ್ದೆಲ್ಲ ಕೊಳ್ಳುವ ಮಾರುವ ಕಂಪನಿ, ಅಂದರೆ ಎಕ್ಸ್‌ಚೇಂಜ್‌ನಲ್ಲೇ ಇಟ್ಟಿದ್ದೇನೆ, ಯಾರು ಏನಾದರೂ ಅನ್ನಲಿ.

ತೆರೆದಕೋಡ್:
ಎಕ್ಸ್‌ಚೇಂಜ್‌ನಲ್ಲಾ? 2014ರಲ್ಲಿ ಮುಳುಗಿದ ಎಕ್ಸ್‌ಚೇಂಜ್ ಮೌಂಟ್ ಗಾಕ್ಸ್ ಮರೆತಿರಾ? 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಮುಳುಗಿದಾಗ ಜನ ಲಾಗಿನ್ ಮಾಡಿ ಅಂಕಿ ನೋಡ್ತಾ ಕೂತಿದ್ದರು, ತೆಗೆಯೋಕೆ ಆಗಲಿಲ್ಲ.

ಇಪ್ಪತ್ತೈದನೇಪದ:
ನನ್ನ 4,300 ಸಲಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ. ಇಲ್ಲದಿದ್ದರೆ ಪಾಠ ಬೇಡ.

ಸಹಿಹಾಕಿದವಳು:
ಎಲ್ಲರೂ ಸೀಡ್ ಬಗ್ಗೆಯೇ ಮಾತಾಡ್ತಿದ್ದೀರಿ. ನನ್ನ ಸೀಡ್ ಯಾರಿಗೂ ಸಿಕ್ಕಿರಲಿಲ್ಲ, ಡಿವೈಸ್ ಅಸಲಿ, ಆಪ್ ಅಸಲಿ. ಆದರೂ ಹೋಯಿತು.

ಬಿಟ್‌ಕಾಯಿನ್‌ನಂಥ ಇನ್ನೊಂದು ನಾಣ್ಯ ಈಥರ್ ಬಳಸುವವರಿಗೆ ಗೊತ್ತಿರುತ್ತೆ, ನಮ್ಮ ಟೋಕನ್ ಮುಟ್ಟಲು ಕಾಂಟ್ರ್ಯಾಕ್ಟ್‌ಗೆ, ಅಂದರೆ ಆ ಜಾಲದಲ್ಲಿ ಓಡುವ ಪ್ರೋಗ್ರಾಂಗೆ, ‘ಅಪ್ರೂವ್’ ಕೊಡಬೇಕು. ಉಚಿತ ಟೋಕನ್ ಹಂಚ್ತಿದ್ದಾರೆ ಅಂತ ಒಂದು ಸೈಟ್‌ಗೆ ಹೋದೆ. ಗ್ಯಾಸ್, ಅಂದರೆ ವಹಿವಾಟಿನ ಫೀಸು, ಕೂಡ ಕೇಳಲಿಲ್ಲ, ಒಂದು ಸಹಿ ಅಷ್ಟೇ ಕೇಳಿತು. ಡಿವೈಸ್‌ನ ಪುಟ್ಟ ಪರದೆಯಲ್ಲಿ ಅರ್ಥವಾಗದ ಉದ್ದನೆ ಅಂಕಿ ಅಕ್ಷರ ಉರುಳಿದವು. ಬಲಗಡೆ ಬಟನ್ ಒತ್ತಿ ಒತ್ತಿ ಕೊನೆಗೆ ಬಂದು ಒಪ್ಪಿದೆ. ಅದು ಪರ್ಮಿಟ್ ಸಹಿ, ಬರೀ ಸಹಿಯಲ್ಲೇ ಅಪ್ರೂವ್ ಕೊಡುವ ಬಗೆ. ಡಾಲರ್ ಬೆಲೆಗೆ ಕಟ್ಟಿದ ನನ್ನ ಅಷ್ಟೂ ಸ್ಟೇಬಲ್‌ಕಾಯಿನ್ ಮೇಲೆ ಮಿತಿಯಿಲ್ಲದ ಹಕ್ಕು ಬರೆದುಕೊಟ್ಟಿದ್ದೆ. 2,140 ಡಾಲರ್ ಒಂದೇ ಏಟಿಗೆ ಹೋಯಿತು. ಗಾಬರಿಯಲ್ಲಿ ‘ಡಿಸ್‌ಕನೆಕ್ಟ್’ ಒತ್ತಿ ಸಮಾಧಾನ ಪಟ್ಟುಕೊಂಡೆ. ಡಿಸ್‌ಕನೆಕ್ಟ್ ಮಾಡಿದರೆ ಸೈಟ್‌ಗೆ ನಿಮ್ಮ ಅಡ್ರೆಸ್ ಕಾಣೋದು ನಿಲ್ಲುತ್ತೆ ಅಷ್ಟೇ, ಕೊಟ್ಟ ಹಕ್ಕು ಹಾಗೇ ಇರುತ್ತೆ. ಅದನ್ನು ರಿವೋಕ್ ಮಾಡಿ ವಾಪಸ್ ಪಡೆಯಬೇಕು, ಅದಕ್ಕೆ ಗ್ಯಾಸ್ ತೆರಬೇಕು. ಹದಿನಾರು ದಿನ ಬಿಟ್ಟು ಅದೇ ಅಡ್ರೆಸ್‌ಗೆ 600 ಡಾಲರ್ ಬಂತು, ಒಂದು ನಿಮಿಷದೊಳಗೆ ಅದೂ ಮಾಯ.

ಡಿವೈಸ್ ತಗೊಂಡರೆ ಸಾಲದು ಅಣ್ಣ. ಏನಕ್ಕೆ ಸಹಿ ಹಾಕ್ತಿದ್ದೀರಿ ಅಂತ ಡಿವೈಸ್ ಪರದೆಯಲ್ಲಿ ಓದೋಕೆ ಆಗದಿದ್ದರೆ ಹಾಕಬೇಡಿ.

ಮೂರರಲ್ಲಿಎರಡು:
ಇದಕ್ಕೇ ನಾನು ಮಲ್ಟಿಸಿಗ್ ಮಾಡಿದ್ದು. ಮೂರು ಡಿವೈಸ್, ಮೂರೂ ಬೇರೆ ಬೇರೆ ಕಂಪನಿಯವು, ಯಾವುದಾದರೂ ಎರಡು ಸಹಿ ಹಾಕಿದರೆ ಮಾತ್ರ ದುಡ್ಡು ಹೊರಡುತ್ತೆ. ಐದು ಶನಿವಾರ ಹಿಡಿಯಿತು. ಒಂದು ಡಿವೈಸ್‌ನ ಕೇಬಲ್ ಬರೀ ಚಾರ್ಜಿಂಗ್‌ದು ಅಂತ ಪತ್ತೆ ಹಚ್ಚೋಕೆ ಒಂದು ಶನಿವಾರ ಪೂರ್ತಿ ಹೋಯಿತು. ಮೂರು ಸೀಡ್ ಮೂರು ಜಾಗದಲ್ಲಿದೆ. ಒಂದು ಕಳ್ಳತನವಾಗಲಿ, ಬೆಂಕಿ ಬೀಳಲಿ, ಉಳಿದೆರಡರಲ್ಲಿ ಎಲ್ಲ ವಾಪಸ್. ಇಲ್ಲಿ ಹೇಳಿದ ಯಾವ ಸಂಕಟವೂ ನನಗಿಲ್ಲ.

ಸಹಿಹಾಕಿದವಳು:
2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ 4 ಲಕ್ಷಕ್ಕೂ ಹೆಚ್ಚು ಈಥರ್ ಹೋಯಿತಲ್ಲ, ಅದೂ ಮಲ್ಟಿಸಿಗ್ಗೇ. ಸಹಿ ಹಾಕುವವರ ಕಂಪ್ಯೂಟರ್ ಪರದೆಯಲ್ಲಿ ಸರಿಯಾದ ವಹಿವಾಟೇ ಕಾಣ್ತಿತ್ತು, ಹಿಂದೆ ಬೇರೇದು ಕೂತಿತ್ತು. ಎಲ್ಲರೂ ಒಪ್ಪಿದರು.

ಮೂರರಲ್ಲಿಎರಡು:
ಅವರು ಕಣ್ಣು ಮುಚ್ಚಿ ಸಹಿ ಹಾಕಿದರು ಮೇಡಂ. ನನ್ನದು ಬಿಟ್‌ಕಾಯಿನ್, ಅಡ್ರೆಸ್ಸೂ ಮೊತ್ತವೂ ಎರಡೂ ಡಿವೈಸ್‌ನ ಪರದೆಯಲ್ಲೇ ಬರುತ್ತೆ. ಮೊದಲ ನಾಲ್ಕು, ಕೊನೇ ನಾಲ್ಕು ಅಂತ ಅಲ್ಲ, ಪೂರ್ತಿ ಓದ್ತೀನಿ. ಎರಡೂ ತುದಿ ಹೊಂದುವ ಅಡ್ರೆಸ್ ಹುಟ್ಟಿಸಿ ಬಲೆ ಹಾಕುವವರಿದ್ದಾರೆ ಅಂತ ಗೊತ್ತು. ಅವರದನ್ನೂ ನನ್ನದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ತಾಳೆನೋಡು:
ಮೂರರಲ್ಲಿಎರಡು ಅವರೇ, ಜಗಳಕ್ಕೆ ಕೇಳ್ತಿಲ್ಲ. ಮೂರೂ ಎಕ್ಸ್‌ಪಬ್, ಅಂದರೆ ಒಂದೊಂದು ಸೀಡ್‌ನಿಂದ ಬರುವ ಅಡ್ರೆಸ್ ಹುಟ್ಟಿಸುವ ಬಹಿರಂಗ ಕೀಲಿ, ಇರುವ ವಾಲೆಟ್ ಸಂರಚನೆಯ ಫೈಲ್ ಎಲ್ಲಿಟ್ಟಿದ್ದೀರಿ?

ಮೂರರಲ್ಲಿಎರಡು:
ಕಂಪ್ಯೂಟರ್‌ನಲ್ಲಿದೆ. ಬೇಕಾಗಲ್ಲ, ಎರಡು ಸೀಡ್ ಇದ್ದರೆ ಸಾಕು.

ತಾಳೆನೋಡು:
ಸಾಕಾಗಲ್ಲ. ಅಡ್ರೆಸ್ ಹುಟ್ಟೋದು ಮೂರೂ ಕೀಲಿ ಸೇರಿ. ಖರ್ಚು ಮಾಡುವಾಗ ಮೂರೂ ಬಹಿರಂಗ ಕೀಲಿ ಇರುವ ಸ್ಕ್ರಿಪ್ಟ್, ಅಂದರೆ ಖರ್ಚಿನ ಷರತ್ತು ಬರೆದ ಪುಟ್ಟ ಕೋಡ್, ತೋರಿಸಲೇಬೇಕು. ಒಂದು ಸೀಡ್ ಸುಟ್ಟು, ಕಂಪ್ಯೂಟರ್ರೂ ಹೋದರೆ ನಿಮ್ಮ ಹತ್ತಿರ ಎರಡು ಸೀಡ್ ಇರುತ್ತೆ, ಮೂರನೇದರ ಎಕ್ಸ್‌ಪಬ್ ಇರಲ್ಲ. ದುಡ್ಡು ಕಣ್ಣಿಗೂ ಕಾಣಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಎರಡೇ ಸೀಡ್ ಹಾಕಿ ನೋಡಿ.

ಮೂರರಲ್ಲಿಎರಡು:
ನೋಡಿ ಬರ್ತೀನಿ. ಇಷ್ಟು ಜನ ಇಂಥದ್ದೇ ಮಾಡಿಕೊಂಡಿದ್ದಾರೆ, ಇದು ನಿಜವಾಗಿದ್ದರೆ ಎಲ್ಲರೂ ಹೇಳ್ತಿದ್ದರು.

ಗಟ್ಟಿಚಿಪ್:
ಅಷ್ಟು ಗೋಜಲು ಮಾಡಿಕೊಂಡು ಏನು ಬಂತು? ಒಂದು ಒಳ್ಳೇ ಡಿವೈಸ್, ಒಂದು ತಗಡು, ಮುಗೀತು.

ತೆರೆದಕೋಡ್:
ನಿಮ್ಮ ‘ಒಳ್ಳೇ’ ಯಾವುದು ಅಂತ ನೀವು ಹೇಳೋದೂ ನಿಮ್ಮ ಕಂಪನಿ ಹೇಳೋದೂ ಒಂದೇ. ಬಿಡಿ.

ಹಳೇಪೆಟ್ಟಿಗೆ:
ಎಲ್ಲರಿಗೂ ಧನ್ಯವಾದ. ತಾಳೆನೋಡು ಅವರೇ, ನನ್ನದು ನೀವು ಹೇಳಿದ ವಾಲೆಟ್ಟೇ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ ಮುಚ್ಚಿಟ್ಟಿದ್ದೇನೆ. ಬೇರೆ ಕಂಪ್ಯೂಟರ್‌ನಲ್ಲಿ ಕೀಲಿಯ ಬೆರಳಚ್ಚನ್ನು ಮೂರು ಮೂಲದಿಂದ ತಂದು ಬರೆದುಕೊಂಡೆ, ಮೂರೂ ಒಂದೇ ಇವೆ. ಫೈಲ್ ಇನ್ನೂ ಇಳಿಸಿಲ್ಲ. ಯಾವ ಡಿವೈಸ್ ಅಂತ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಮೂರರಲ್ಲಿಎರಡು:
ಎರಡೇ ಸೀಡ್ ಹಾಕಿ ನೋಡಿದೆ. ಮೂರನೇ ಎಕ್ಸ್‌ಪಬ್ ಕೇಳಿತು, ಅಲ್ಲೇ ನಿಂತಿತು. ಎರಡು ವರ್ಷದಿಂದ ಈ ಕಂಪ್ಯೂಟರ್‌ನ ಒಂದೇ ಒಂದು ಹಾರ್ಡ್‌ಡಿಸ್ಕ್ ಮೇಲೆ ಎಲ್ಲ ನಿಂತಿತ್ತು. ಫೈಲ್ ಮೂರು ಪ್ರಿಂಟ್ ತೆಗೆದಿದ್ದೇನೆ, ಒಂದೊಂದು ಸೀಡ್ ಜೊತೆ ಒಂದೊಂದು. ಎರಡು ಇಟ್ಟು ಬಂದೆ. ಮೂರನೇ ಜಾಗಕ್ಕೆ ನಾಳೆ ಬೆಳಗ್ಗೆ ಹೋಗ್ತೀನಿ.